ಶ್ಯಾಮಸುಂದರನ ಒಡಿಯಾ

ತರಕಾರಿ ಗಾಡಿಯ ಮುಂದೆ ವಿಜಯಶ್ರೀ ಹೆಮ್ಮೆಯಿಂದ ಆಡಿದ ಒಂದು ಮಾತು ಅವಳ ಗಂಡನಿಗೆ ಮುಳುವಾಯಿತು.

"ನಮ್ಮೋರು ಡಾಟ್ ನೆಟ್ ಕಲೀತಾ ಇದಾರೆ. ಅದರಲ್ಲಿ ಎಷ್ಟೋ ಭಾಷೆ ಒಟ್ಟಿಗೇ ಬರುತ್ತಂತೆ."

ಗಂಡ ಶ್ಯಾಮಸುಂದರ ವಿಜಯನಗರದ ಲಾರಿ ಕಂಪನಿಯೊಂದರಲ್ಲಿ ಹಳೇ ಸಾಫ್ಟ್‌ವೇರ್ ನೋಡಿಕೊಳ್ಳುತ್ತಲೇ ತಲೆ ನರೆಸಿಕೊಂಡವನು. ಈಗ ಕಂಪನಿ ಎಲ್ಲವನ್ನೂ ಡಾಟ್ ನೆಟ್ ಎಂಬ ಹೊಸ ಸಾಫ್ಟ್‌ವೇರ್ ವ್ಯವಸ್ಥೆಗೆ ಬದಲಾಯಿಸುತ್ತಿತ್ತು. ಅಂದು ಮಧ್ಯಾಹ್ನ ವಿಡಿಯೋ ಕರೆಯಲ್ಲಿ ಅವನಿಗೆ ಪರೀಕ್ಷೆ. ಪಾಸಾದರೆ ಅದೇ ಕುರ್ಚಿ, ಫೇಲಾದರೆ ಕೆಂಗೇರಿಯ ಗೋಡೌನು. ಬಾವಿಗೆ ಬಿದ್ದ ಕೊಡವನ್ನು ಇಣುಕಿ ನೋಡುವವನ ಹಾಗೆ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತಿದ್ದ.

ಎದುರುಮನೆಯ ಜಲಜಮ್ಮ ನೇರ ಒಳಗೇ ಬಂದರು.

"ಸಾರ್, ಎಷ್ಟೋ ಭಾಷೆ ಕಲೀತಿದೀರಂತೆ, ತರಕಾರಿ ಗಾಡಿ ಹತ್ರ ನಿಮ್ಮ ಮನೆಯವರು ಹೇಳಿದ್ರು. ಒಡಿಯಾನೂ ಬರುತ್ತಲ್ಲ, ಒಂದ್ನಿಮಿಷ ಬನ್ನಿ. ನಮ್ಮ ಮಹಡಿ ಬಾಡಿಗೆಯವನು ಬಿಭು ಹತ್ರ ಮಾತಾಡ್ಬೇಕು. ಅವನಿಗೆ ಬೇರೆ ಯಾವ ಭಾಷೆನೂ ಬರಲ್ಲ."

"ನಾನು ಕಲೀತಿರೋದು ಕಂಪ್ಯೂಟರ್ ಭಾಷೆ ಜಲಜಮ್ಮ. ಸಿ ಶಾರ್ಪ್, ಎಫ್ ಶಾರ್ಪ್ ಅಂತ..."

"ಸಂಗೀತಾನೂ ಇದೆಯಾ? ಒಳ್ಳೇದೇ ಆಯ್ತು. ಬನ್ನಿ."

ಎದುರುಮನೆ ಕಾಂಪೌಂಡಿನಲ್ಲಿ ಬಿಭು ಕೈಕಟ್ಟಿ ನಿಂತಿದ್ದ. ಪಕ್ಕದ ಮನೆಯ ಮುನಿಯಣ್ಣನೂ ಇದ್ದ. ಬಿಭು ನೀರಿನ ಮೋಟರ್ ಆಫ್ ಮಾಡಲು ಮರೆಯುತ್ತಾನೆ, ಟ್ಯಾಂಕು ತುಂಬಿ ಪಕ್ಕದ ಮನೆಗೆ ಸುರಿಯುತ್ತದೆ. ಇದು ದೂರು.

"ನನ್ನ ಸ್ಕೂಟರು ದಿನಾ ಸ್ನಾನ ಮಾಡ್ತಾ ಇದೆ. ನಾನೇ ಅಷ್ಟು ಮಾಡಲ್ಲ," ಎಂದ ಮುನಿಯಣ್ಣ.

ಶ್ಯಾಮಸುಂದರ ಹರಕು ಹಿಂದಿಯಲ್ಲಿ, ಆಮೇಲೆ ಕೈಸನ್ನೆಯಲ್ಲಿ ವಿಷಯ ತಿಳಿಸಿದ. ಜಲಜಮ್ಮ ಅದನ್ನೇ ಒಡಿಯಾ ಅಂದುಕೊಂಡು ತಲೆದೂಗಿದರು. ಬಿಭು ಒಡಿಯಾದಲ್ಲಿ ಸರಾಗವಾಗಿ ಬಹಳ ಹೊತ್ತು ಮಾತಾಡಿದ. ಒಂದಕ್ಷರವೂ ತಿಳಿಯಲಿಲ್ಲ. ಎಲ್ಲರೂ ಶ್ಯಾಮಸುಂದರನ ಬಾಯಿ ನೋಡಿದರು.

"ತಪ್ಪಾಯ್ತು ಅಂತಾನೆ."

"ಅಷ್ಟುದ್ದ ಹೇಳಿದ್ದು ಇಷ್ಟೇನಾ?" ಜಲಜಮ್ಮನಿಗೆ ಅನುಮಾನ.

"ಒಡಿಯಾದಲ್ಲಿ ತಪ್ಪು ಸ್ವಲ್ಪ ಉದ್ದ."

"ಹಾಗಾದ್ರೆ ನಾಳೆಯಿಂದ ಬೆಳಗಿನ ಜಾವ ಕಾವೇರಿ ನೀರು ಬಂದಾಗ ಅವನೇ ಎದ್ದು, ಮೋಟರ್ ಹಾಕಿ, ಟ್ಯಾಂಕ್ ತುಂಬೋವರೆಗೂ ಅಲ್ಲೇ ನಿಂತಿರ್ಲಿ. ಒಪ್ತಾನಾ ಕೇಳಿ," ಎಂದರು ಜಲಜಮ್ಮ.

ಪರೀಕ್ಷೆಯ ಹೊತ್ತು ಮೀರುತ್ತಿತ್ತು. ಬಿಭು ಮತ್ತೇನೋ ಹೇಳಿದ, ಈ ಸಲ ಕೊಂಚ ಬಿಸಿಯಾಗಿಯೇ.

"ಒಪ್ಕೊಂಡಿದಾನೆ," ಎಂದು ಶ್ಯಾಮಸುಂದರ ಮನೆಗೆ ಓಡಿದ.

ಪರದೆಯ ಮೇಲೆ ಮ್ಯಾನೇಜರ್ ಚೇತನಾ ಕಾಯುತ್ತಿದ್ದರು. "ಕೋಡ್ ರನ್ ಮಾಡಿ ತೋರಿಸಿ ಸಾರ್." ಅವನು ಗುಂಡಿ ಒತ್ತಿದ. ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು, ಹಪ್ಪಳದ ಮೇಲಿನ ಮೆಣಸಿನಪುಡಿಯ ಹಾಗೆ.

"ಏನು ಹೇಳ್ತಾ ಇದೆ ಅದು?"

ಎದುರುಮನೆಯ ಗುಂಗು ಇನ್ನೂ ಇಳಿದಿರಲಿಲ್ಲ. "ಒಪ್ಕೊಂಡಿದೆ ಮೇಡಂ," ಎಂದುಬಿಟ್ಟ.

ಚೇತನಾ ಹೇಳಿದರು: "ಸೋಮವಾರ ಕೆಂಗೇರಿಗೆ ಹೋಗ್ಬಿಡಿ ಸಾರ್."

ಸಂಜೆ ಅವನು ತಲೆಯ ಮೇಲೆ ಕೈಹೊತ್ತು ಕೂತಿರುವಾಗ ಬಿಭು ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಕೇಳಿದ:

"ಅಲ್ಲ ಸಾರ್, ನಾನ್ಯಾವಾಗ ಒಪ್ಕೊಂಡೆ?"

ಶ್ಯಾಮಸುಂದರನ ಕೈ ತಲೆಯಿಂದ ಜಾರಿತು. "ನಿನಗೆ ಕನ್ನಡ ಬರುತ್ತಾ?"

"ಮನೇಲಿ ಒಡಿಯಾ ಆದ್ರೂ ಹುಟ್ಟಿ ಬೆಳೆದಿದ್ದೇ ಇಲ್ಲೇ ಮೂಡಲಪಾಳ್ಯದಲ್ಲಿ ಸಾರ್. ಕನ್ನಡ ಬರುತ್ತೆ ಅಂತ ಆ ಆಂಟಿಗೆ ಗೊತ್ತಾದ್ರೆ ಮಾತು ನಿಲ್ಸಲ್ಲ, ಆಫೀಸಿಗೆ ಹೋಗೋಕಾಗಲ್ಲ ಅಂತ ಹಿಂದಿನ ಬಾಡಿಗೆಯವರು ಹೇಳಿದ್ರು. ಅದಕ್ಕೇ ಈ ನಾಟಕ."

"ಈಗ್ಲೇ ಹೋಗಿ ಹೇಳ್ತೀನಿ ಅವರಿಗೆ."

"ಹೇಳಿ. ನಿಮಗೆ ಒಡಿಯಾ ಎಷ್ಟು ಬರುತ್ತೆ ಅಂತ ನಾನೂ ಹೇಳ್ತೀನಿ. ಬೀದಿಗೆಲ್ಲ ಗೊತ್ತಾಗ್ಲಿ."

ವಿಜಯಶ್ರೀ ಇಬ್ಬರಿಗೂ ಕಾಫಿ ತಂದಿಟ್ಟಳು. ಕಾಫಿ ಮುಗಿಯುವುದರೊಳಗೆ ರಾಜಿಯಾಯಿತು. ರಾಜಿಯ ಷರತ್ತು ಬಿಭುವಿನದು.

ಮರುದಿನ ಬೆಳಗಿನ ಜಾವ ಶ್ಯಾಮಸುಂದರ ಮಂಕಿ ಕ್ಯಾಪ್ ಹಾಕಿಕೊಂಡು ಎದುರುಮನೆಯ ಮೋಟರ್ ಪಕ್ಕ ನಿಂತಿದ್ದ. ಜಲಜಮ್ಮ ಬಾಗಿಲು ತೆರೆದರು.

"ನೀವ್ಯಾಕೆ ಸಾರ್?"

"ಅವನಿಗೆ ಹುಷಾರಿಲ್ಲ. ಕೆಲವು ದಿನ ಹಾಗೇ ಇರುತ್ತಂತೆ."

"ಪಾಪ. ಭಾಷೆ ಬರದ ಊರಲ್ಲಿ ನೀವಾದ್ರೂ ಇದೀರಲ್ಲ ಅವನಿಗೆ," ಎಂದು ಜಲಜಮ್ಮ ಎರಡು ಕುರ್ಚಿ ತಂದು ಹಾಕಿದರು. "ಟ್ಯಾಂಕ್ ತುಂಬೋವರೆಗೂ ಕೂತ್ಕೊಳಿ. ನಮ್ಮ ನಾದಿನಿ ಮದುವೇಲಿ ಏನಾಯ್ತು ಅಂತ ಗೊತ್ತಾ ನಿಮಗೆ?"

ಮಹಡಿಯ ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.