ಎರಡೇ ಸೀಟಿನ ಕೆಂಪು ಕಾರು

ಈಗಿನ ಹುಡುಗರಲ್ಲಿ ಬಿಸಿರಕ್ತವೇ ಇಲ್ಲ ಸ್ವಾಮಿ! ಕೊಪ್ಪದ ರೇಣುಕಪ್ಪ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಅಗ್ಗದಲ್ಲಿ ಮಾರಲಿಟ್ಟು ನಾಲ್ಕು ತಿಂಗಳಾಯಿತು. ಒಬ್ಬ ಹುಡುಗನೂ ಬಾಗಿಲು ತೆಗೆದು ನೋಡಿಲ್ಲ. ನನಗೋ ಅದನ್ನು ಕಂಡಾಗಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. (ವಯಸ್ಸು ಐವತ್ನಾಲ್ಕು. ಕಾಲಿಗೆ ಅದು ಗೊತ್ತಿಲ್ಲ.)

ನಮ್ಮೂರು ಬಾಳಗಡಿಯ ಕಾಲೇಜಿನಲ್ಲೇ ಪಾಠ ಹೇಳುವ ಮಗಳು ತನ್ಮಯಿ ಮೊದಲ ಕಾರು ಕೊಳ್ಳುವವಳಿದ್ದಳು. ಅವಳು ಕೊಳ್ಳುವುದು, ನಾನು ಓಡಿಸುವುದು. ಇದು ನನ್ನ ಮಹಾಯೋಜನೆ.

"ಕೊಪ್ಪಕ್ಕೆ ಐದು ನಿಮಿಷದ ದಾರಿ ಅಪ್ಪಯ್ಯ. ಸ್ಪೀಡಾಗಿ ಹೋಗಿ ಎಂತ ಮಾಡೋದು? ನನ್ನ ಫ್ರೆಂಡ್ಸ್ ಎಲ್ಲಿ ಕೂರೋದು?"

"ಯೌವನ ಅಂದ್ರೆ ವೇಗ ಮಾರಾಯ್ತಿ!"

"ಅದು ನಿಮ್ಮ ಕಾಲದ ಯೌವನ."

ಹೆಂಡತಿ ಗಂಗಾಂಬಿಕೆ ಅಡುಗೆಮನೆಯಿಂದಲೇ ತೀರ್ಪಿತ್ತಳು: "ನಿನ್ನ ಅಪ್ಪಯ್ಯಂಗೆ ಅದ್ರಲ್ಲಿ ಕೂರೋಕೆ ಬರತ್ತೆ, ಏಳೋಕೆ ಬರಲ್ಲ."

ಕಾಡಿ ಬೇಡಿ ಒಂದು ಭಾನುವಾರ ಪರೀಕ್ಷಾರ್ಥ ಸವಾರಿಗೆ ಒಪ್ಪಿಸಿದೆ. ಹಿರೇಕೊಡಿಗೆಯ ನನ್ನಕ್ಕ ಕಮಲಕ್ಕನ ಮನೆಗೆ ಹೋಗಿ ಬರುವುದು, ಹಿಡಿಸಿದರೆ ಸಂಜೆಯೇ ಕೊಳ್ಳುವುದು ಎಂದು ಮಾತಾಯಿತು. ಸ್ಟಿಯರಿಂಗ್ ಮಾತ್ರ ಅವಳು ಬಿಡಲಿಲ್ಲ.

ಮೊದಲ ರೋಡ್ ಹಂಪಿನಲ್ಲೇ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಆಮೇಲೆ ಹಂಪ್ ಬಂದಾಗೆಲ್ಲ ನಾನು ಇಳಿದು, ಭಾರ ಕಡಿಮೆ ಮಾಡಿ, ಪಕ್ಕದಲ್ಲಿ ನಡೆದೆ. ಮೂರನೆಯ ಹಂಪಿನಲ್ಲಿ ಟ್ರ್ಯಾಕ್ಟರಿನವನೊಬ್ಬ, "ಹತ್ತಿ ಮಾರಾಯ್ರೆ, ಬಿಡ್ತೇನೆ" ಎಂದ. ನನಗೆ ಬಹಳ ಅವಮಾನವಾಯಿತು.

ಕಾಫಿ ಕುಡಿದು ಹೊರಟಾಗ ಕಮಲಕ್ಕ ದೊಡ್ಡದೊಂದು ಹಲಸಿನಹಣ್ಣು ತಂದಳು. "ಬಂದವ್ರನ್ನ ಬರಿಗೈಲಿ ಕಳಿಸೋದುಂಟಾ?" ಬೇಡವೆಂದರೆ ಅವಳು ಮೂರು ವರ್ಷ ಮಾತು ಬಿಡುತ್ತಾಳೆ. ಡಿಕ್ಕಿಯಲ್ಲಿ ಒಂದು ಕೊಡೆ ಹಿಡಿಸಿದರೆ ಹೆಚ್ಚು. ತೊಡೆಯ ಮೇಲಿಟ್ಟುಕೊಂಡೆ, ಮುಳ್ಳು ಎಲ್ಲೆಲ್ಲಿ ಚುಚ್ಚಿತೆಂದು ಹೇಳುವಂತಿಲ್ಲ.

ತನ್ಮಯಿ ನನ್ನನ್ನೊಮ್ಮೆ, ಹಣ್ಣನ್ನೊಮ್ಮೆ ನೋಡಿದಳು.

"ಅಪ್ಪಯ್ಯ, ನೀನು ಬಸ್ಸಿಗೆ ಬಾ."

"ಹಣ್ಣು ಬಸ್ಸಿಗೆ ಬರಲಿ!"

"ಅದಕ್ಕೆ ಹತ್ತೋಕೆ ಬರಲ್ಲ."

ನನ್ನ ಸೀಟಿನಲ್ಲಿ ಹಣ್ಣನ್ನು ಕೂರಿಸಿ, ಬೆಲ್ಟ್ ಬಿಗಿದು, ಹೊರಟೇಬಿಟ್ಟಳು. ನಾನು ಬಸ್ಸಿನಲ್ಲಿ ನಿಂತುಕೊಂಡೇ ಬಂದೆ.

ಮುಂದಿನ ತಿಂಗಳು ಮನೆಗೆ ಬಂದದ್ದು ಏಳು ಸೀಟಿನ, ಆಳೆತ್ತರದ ಗಾಡಿ. ರೇಣುಕಪ್ಪನ ಕಾರು ಅಲ್ಲೇ ಧೂಳು ತಿನ್ನುತ್ತಿದೆ.

"ಮುಂದಿನ ಸೀಟು ನನಗೆ ತಾನೇ?" ಎಂದೆ.

"ಮುಂದೆ ಅಮ್ಮ. ನಡುವೆ ನನ್ನ ಫ್ರೆಂಡ್ಸ್."

ಅಷ್ಟರಲ್ಲಿ ಕಮಲಕ್ಕನ ಫೋನು. ಇನ್ನೂ ಎರಡು ಹಣ್ಣಾಗಿವೆಯಂತೆ, ಈಗಲೇ ಬಂದು ಒಯ್ಯಬೇಕಂತೆ.

ನಾನು ಎಲ್ಲರಿಗಿಂತ ಮೊದಲು ಓಡಿಹೋಗಿ, ಕಟ್ಟಕಡೆಯ ಸೀಟು ಹಿಡಿದು, ಬೆಲ್ಟ್ ಬಿಗಿದುಕೊಂಡು ಕೂತೆ.