ಸ್ವೆಟರ್ ಇಲ್ಲದ ಚಕ್ರವರ್ತಿ

ಹಿಂದೂಪುರದ ನಾಟಕದವರು ರೈಲು ತಪ್ಪಿಸಿಕೊಂಡ ಸುದ್ದಿ ಕುಡುಮಲಕುಂಟೆಯ ಪಂಪು ಕಾರ್ಖಾನೆಗೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಆರಕ್ಕೆ ರಾಜ್ಯೋತ್ಸವ. ಎಂಬತ್ತೆಂಟನೇ ಇಸವಿಯ ಆ ರಾಜ್ಯೋತ್ಸವ ಮುಂದೂಡಿ ಮುಂದೂಡಿ ಡಿಸೆಂಬರ್ ಕೊನೆಗೆ ಬಂದು ನಿಂತಿತ್ತು.

ಕಾರ್ಮಿಕರ ಸಂಘದ ಕಾರ್ಯದರ್ಶಿ ಗಂಗುಲಪ್ಪ ಬಾಲಕ್ಕೆ ಬೆಂಕಿ ಬಿದ್ದವನಂತೆ ಸ್ಟೋರ್ಸಿಗೆ ಓಡಿಬಂದ.

"ಲಾಲ್ ಬಾಷಾ, ಒಬ್ಬನೇ ಏನಾದ್ರೂ ಮಾಡ್ತೀಯೇನಪ್ಪಾ? ಮಾನ ಹೋಗ್ತೈತೆ!"

ಸ್ಟೋರ್ಸ್ ಗುಮಾಸ್ತ ಲಾಲ್ ಬಾಷಾ ಈ ಮಾತಿಗೆ ಹನ್ನೊಂದು ವರ್ಷ ಕಾದಿದ್ದ.

"ನೆಪೋಲಿಯನ್ ಮಾಡ್ತೀನಿ ಕಣೋ! ಸೈನ್ಯಾನೂ ನಾನೇ, ಕುದುರೇನೂ ನಾನೇ!"

ರಟ್ಟಿನ ಡಬ್ಬ ಟೋಪಿಯಾಯಿತು, ಕ್ಯಾಂಟೀನಿನ ಪರದೆ ಕೋಟಾಯಿತು. ಕತೆ ಮಾತ್ರ ಆಗಲಿಲ್ಲ. ನೆಪೋಲಿಯನ್ ರಷ್ಯಾಕ್ಕೆ ಹೋಗಿ ಚಳಿಗೆ ಸೋತನೆಂಬುದಷ್ಟೇ ಶಾಲೆಯ ಪಾಠದಿಂದ ಅವನಿಗೆ ನೆನಪಿತ್ತು.

ವೇದಿಕೆಯ ಪರದೆ ಸರಿಯಿತು. ಸಾಮಾನು ಸಾಗಿಸುವ ಟ್ರಾಲಿಯ ಮೇಲೆ ನಿಂತು ಚಕ್ರವರ್ತಿ ಬಂದ. ಟ್ರಾಲಿ ನಿಲ್ಲದೆ ಎದುರು ಗೋಡೆಗೆ ಗುದ್ದಿತು.

"ಯುರೋಪೆಲ್ಲಾ ಕೈಗೆ ಸಿಕ್ತು, ಬ್ರೇಕ್ ಒಂದು ಸಿಗ್ಲಿಲ್ಲ!"

ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಬಾಷಾನಿಗೆ ಮೈಮೇಲೆ ಬಂದಂತಾಯಿತು. ಮುಂದಿನ ಮಾತು ಹೊಳೆಯದೆ, ದಿನವೂ ಸ್ಟೋರ್ಸಿನಲ್ಲಿ ಆಡುವ ಮಾತನ್ನೇ ಆಡತೊಡಗಿದ. ಎಡಕ್ಕೆ ಹಾರಿದರೆ ಚಕ್ರವರ್ತಿ, ಬಲಕ್ಕೆ ಹಾರಿದರೆ ಗುಮಾಸ್ತ.

"ರಷ್ಯಾಕ್ಕೆ ಹೊರಟಿದೀವಿ, ಆರು ಲಕ್ಷ ಸ್ವೆಟರ್ ಕೊಡಪ್ಪಾ!"

"ಹಳೇದು ವಾಪಸ್ ಕೊಟ್ರೆ ಹೊಸದು."

"ಹಳೇದು ಇಲ್ವಲ್ಲೋ!"

"ಇಲ್ಲ ಅಂತ ಬರೀರಿ, ಇಲ್ಲದ್ದನ್ನ ಜೊತೆಗೆ ಲಗತ್ತಿಸಿ."

ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಅನಂತರಾಮಯ್ಯನವರ ಕನ್ನಡಕ ನಗುವಿನ ರಭಸಕ್ಕೆ ಮಡಿಲಿಗೆ ಬಿತ್ತು. ಚಕ್ರವರ್ತಿ ಹಲ್ಲು ಕಟಕಟಿಸುತ್ತ ಹಿಮದಲ್ಲಿ ನೆಲಕಚ್ಚಿದ. ಆಗ ಹಿಂದಿನಿಂದ ಯಾರೋ ಬಿಕ್ಕಿದರು. ನಗು ಕೇಳಿ ಗೇಟು ಬಿಟ್ಟು ಬಂದಿದ್ದ ಕಾವಲುಗಾರ ಮುನಿಗಂಗಪ್ಪ.

"ರಾಜರಿಗೂ ಇಂಗೇ ಅಂತಾರಾ ಸಾಮಿ? ನಂದೂ ಎಲ್ಡು ಚಳಿಗಾಲ ಆಯ್ತು, ಸ್ವೆಟರ್ ಬಂದಿಲ್ಲ."

ಇದೂ ಆಟದ್ದೇ ಭಾಗವೆಂದು ಜನ ಶಿಳ್ಳೆ ಹೊಡೆದರು. ಅನಂತರಾಮಯ್ಯ ಮಾತ್ರ ಎದ್ದು ನಿಂತರು.

"ಯಾರ್ರೀ ನಿಮ್ಮ ಅರ್ಜಿ ತಡೆದಿರೋದು?"

ಮುನಿಗಂಗಪ್ಪ ಲಾಠಿಯನ್ನು ವೇದಿಕೆಯತ್ತ ಚಾಚಿದ. "ಇದೇ ರಾಜರು ಸಾರ್."

ಬಿದ್ದಿದ್ದ ಬಾಷಾ ಎದ್ದು ರಟ್ಟಿನ ಟೋಪಿ ತೆಗೆದ. ಮ್ಯಾನೇಜರ್ ವೇದಿಕೆ ಹತ್ತಿ ಅವನ ಬೆನ್ನು ತಟ್ಟಿದರು.

"ಸೊಗಸಾಗಿ ಮಾಡಿದ್ರಿ ಬಾಷಾ. ಈತನಿಗೆ ಸ್ವೆಟರ್ ಬರೋವರೆಗೂ ಗೇಟಿನ ರಾತ್ರಿ ಪಾಳಿ ನಿಮ್ಮದು. ಇವತ್ತಿಂದಲೇ."

"ಸಾರ್, ನಾಳೇನೇ ತರಿಸ್ತೀನಿ ಸಾರ್!"

"ಹೇಗ್ರೀ ತರಿಸ್ತೀರಾ? ಆ ಫೈಲಿಗೆ ರುಜು ಹಾಕೋಕೆ ಸ್ಟೋರ್ಸ್ ಗುಮಾಸ್ತ ಹಗಲಲ್ಲಿ ಬರಬೇಕು. ನೀವು ರಾತ್ರಿ ಪಾಳಿ."

ಚಾವಣಿ ಕಿತ್ತುಹೋಗುವಂತೆ ಸಭೆ ಕೂಗಿತು. "ಒನ್ಸ್ ಮೋರ್!" ಎಂದು ಗಂಗುಲಪ್ಪ ಕುರ್ಚಿಯ ಮೇಲೆ ಹತ್ತಿದ. ಮುನಿಗಂಗಪ್ಪ ಮೇಲೆ ಬಂದು ಲಾಠಿಯನ್ನೂ ಸೀಟಿಯನ್ನೂ ಬಾಷಾನ ಕೈಗಿಟ್ಟು, ಮೆಲ್ಲಗೆ ಸಮಾಧಾನ ಹೇಳಿದ:

"ಎದರ್ಕೋಬ್ಯಾಡಿ ಸಾರ್. ಅನ್ನೆಲ್ಡು ಗಂಟೆವರ್ಗೂ ತಡ್ಕೊಳ್ರಿ. ಆಮ್ಯಾಕೆ ಚಳಿ ಗೊತ್ತೇ ಆಗಲ್ಲ, ಮೈ ಮರಗಟ್ಟಿರ್ತೈತೆ."