ಎಡಗಡೆಯ ಬ್ರೇಕು

ನಮ್ಮ ಕಡೆಯ ರಸ್ತೆಗೆ ಒಂದು ದುಬಾರಿ ಕಾರು ಬಂತೆಂದರೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕಾರಿನದು ತಪ್ಪಲ್ಲ, ರಸ್ತೆಯದೂ ತಪ್ಪಲ್ಲ. ಇಬ್ಬರಿಗೂ ಒಬ್ಬರಿಗೊಬ್ಬರ ಪರಿಚಯವಿಲ್ಲ, ಅಷ್ಟೇ.

ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲ್ ಶಿಕ್ಷಕಿ. ನನ್ನ ತಮ್ಮನಿಗೆ ರಾಯಬಾಗದಲ್ಲಿ ಗೊಬ್ಬರದ ಅಂಗಡಿ ಇದೆ, ಕಬ್ಬಿನ ಹೊಲವಿದೆ. ಹೋದ ದಸರೆಗೆ ಅವನು ಒಂದು ವಿದೇಶಿ ಕಾರು ತಂದ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಅವ್ವನಿಗೆ ಅದನ್ನು ಹೇಳಲು ಇನ್ನೂ ಬಂದಿಲ್ಲ. ನನ್ನದು ಓಣಿಗೊಂದು ಸಿಗುವಂಥ ಹಳೆಯ ಬಿಳಿ ಸಣ್ಣ ಕಾರು. ನನಗೆ ದೂರದ ಹಳ್ಳಿಗೆ ವರ್ಗವಾದಾಗ ನಮ್ಮ ಮನೆಯವರು, ತಮ್ಮನ ಪಾಲಿಗೆ ಮಾಮಾ, ಕೊಡಿಸಿದ್ದು. ಅವರು ಪೋಸ್ಟ್ ಆಫೀಸಿನಲ್ಲಿದ್ದರು, ಗಾಡಿ ಹೊಡೆಯಲು ಬರುತ್ತಿರಲಿಲ್ಲ. ನಾನು ಹೊಡೆಯುವುದು, ಅವರು ಎಡಗಡೆ ಕೂತು ಬ್ರೇಕ್ ಹಾಕುವುದು. ಅಲ್ಲಿ ಬ್ರೇಕ್ ಇಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಎದುರಿಗೆ ಎಮ್ಮೆ ಕಂಡರೆ ಬಲಗಾಲು ಒತ್ತುತ್ತಿದ್ದರು, ಬಸ್ಸು ಕಂಡರೆ ಒತ್ತುತ್ತಿದ್ದರು, ಕೆಲವು ಸಲ ನಾನು ಚಾವಿ ತಿರುಗಿಸುವ ಮೊದಲೇ ಒತ್ತುತ್ತಿದ್ದರು. ಒತ್ತಿ ಒತ್ತಿ ಆ ಕಡೆಯ ರಬ್ಬರ್ ಮ್ಯಾಟಿನಲ್ಲಿ ಒಂದು ತೂತು ಬಿದ್ದಿದೆ. ಹೋದ ವರ್ಷ ಅವರು ತೀರಿಕೊಂಡರು. ತೂತು ಹಾಗೇ ಇದೆ.

ತಮ್ಮನ ಒಂದೇ ಹಟ. "ಅಕ್ಕಾ, ಆ ಡಬ್ಬಿ ಮಾರಿಬಿಡು. ಒಬ್ಬಾಕೀನ ಹೊಡ್ಕೊಂಡ ಅಡ್ಡಾಡ್ತಿ, ನಂಗ ರಾತ್ರಿ ನಿದ್ದಿ ಬರಾಂಗಿಲ್ಲ. ನನ್ನ ಗಾಡಿ ನೋಡು, ಯಾರರೆ ಅಡ್ಡ ಬಂದ್ರ ತಾನ ಬ್ರೇಕ್ ಹಾಕ್ತೈತಿ. ಅಂಥಾದೊಂದು ಕೊಡಸ್ತೀನಿ." ನಿಪ್ಪಾಣಿಯಲ್ಲಿ ಹಳೇ ಗಾಡಿ ಕೊಳ್ಳುವವರೊಬ್ಬರನ್ನು ಗೊತ್ತು ಮಾಡಿದ್ದ. ಕಬ್ಬಿನ ಸೀಜನ್ ಮುಗಿಯುವುದರೊಳಗೆ ಕೊಡಬೇಕು ಎಂದು ಗಡುವನ್ನೂ ಹಾಕಿದ್ದ. ಬೇಡ ಎನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಮ್ಯಾಟಿನ ತೂತನ್ನು ಕಾರಣ ಎಂದು ಹೇಗೆ ಹೇಳುವುದು? ಆಗಲಿ ಎಂದಿದ್ದೆ.

ಆ ಗಡುವು ಬರುವವರೆಗೆ ನಡೆದದ್ದನ್ನು ಬರೆಯುತ್ತೇನೆ.

ಆರತಿ

ಹೊಸ ಕಾರಿನ ಪೂಜೆಗೆ ನಮ್ಮನ್ನೆಲ್ಲ ಕರೆದಿದ್ದ. ಸ್ವಾಮಿಗಳು ಕಾರಿಗೆ ವಿಭೂತಿ ಹಚ್ಚಲು ಹೋದರೆ ತಮ್ಮ ಅಡ್ಡ ಬಂದ.

"ಬಣ್ಣಕ್ಕ ಹಚ್ಚಬ್ಯಾಡ್ರಿ ಅಜ್ಜಾರ, ಗೆರಿ ಬೀಳತಾವ."

"ಎಲ್ಲಿ ಹಚ್ಚಲೋ ಹಂಗಾರ?"

"ಗಾಲಿಗೆ ಹಚ್ರಿ."

"ವಿಭೂತಿ ಹಣಿಗೆ ಹಚ್ಚತಾರೊ, ಪಾದಕ್ಕ ಹಚ್ಚತಾರೇನು?"

ಕೊನೆಗೆ ಗಾಜಿಗೆ ಹಚ್ಚಿದರು. ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ತಮ್ಮ ಒಳಗೆ ಕೂತು ಕಾರು ಚಾಲೂ ಮಾಡಿದ. ಸ್ವಾಮಿಗಳು ಕರ್ಪೂರ ಹಚ್ಚಿ ಆರತಿ ತಟ್ಟೆ ಹಿಡಿದು ಮುಂದೆ ಬಂದರು. ಕಾರು ಒಳಗಿನಿಂದ ಪಿಂ ಪಿಂ ಎಂದು ಕೂಗತೊಡಗಿತು. ಅವರು ಹಿಂದೆ ಸರಿದರೆ ಸುಮ್ಮನಾಗುತ್ತದೆ, ತಟ್ಟೆ ಹಿಡಿದು ಮುಂದೆ ಬಂದರೆ ಮತ್ತೆ ಕೂಗುತ್ತದೆ. ಕಾರಿನ ಮೂಗಿನ ಮೇಲೆ ಹೂವಿನ ಹಾರ ಹಾಕಿದಾಗಲಂತೂ ನಿಲ್ಲಿಸಲೇ ಇಲ್ಲ. ಯಾರೋ ಎದುರಿಗೆ ನಿಂತಿದ್ದಾರೆ, ಹೋಗಬೇಡ ಎಂದು ಅದು ತಮ್ಮನಿಗೆ ಹೇಳುತ್ತಿತ್ತಂತೆ.

ಸ್ವಾಮಿಗಳು ತಟ್ಟೆಯನ್ನು ಕೆಳಗಿಟ್ಟರು. "ಟ್ರ್ಯಾಕ್ಟರ್ ಪೂಜಿ ಮಾಡೀನಿ, ಬೋರ್‌ವೆಲ್ ಪೂಜಿ ಮಾಡೀನಿ. ಆರತಿ ಒಲ್ಲೆ ಅಂತ ಅಳೂ ಗಾಡಿ ಇದ ಮೊದಲ."

ಸೀಟು

ಮರುವಾರ ತಮ್ಮ ಅವ್ವನನ್ನು ಚಿಂಚಲಿ ಮಾಯಕ್ಕನ ದರ್ಶನಕ್ಕೆ ಕರೆದುಕೊಂಡು ಹೊರಟ. ನಾನೂ ಇದ್ದೆ. ಸೀಟಿಗೆ ಕಂಪನಿಯವರು ಹಾಕಿದ ಪ್ಲಾಸ್ಟಿಕ್ ಅವನು ತೆಗೆದಿರಲಿಲ್ಲ. ಅದರ ಮೇಲೆ ಮನೆಯ ಹಳೆಯ ಚಾದರ ಹಾಸಿದ್ದ. ಕೂತರೆ ಕೆಳಗೆ ಚರಚರ ಸದ್ದು.

"ಕೆಳಗ ಏನೈತೋ ಇದು?" ಎಂದು ಅವ್ವ ಕೇಳಿದಳು.

"ಪ್ಲಾಸ್ಟಿಕ್ ಅವ್ವಾ."

"ಅದರ ಕೆಳಗ?"

ತಮ್ಮನಿಗೆ ಹೆಮ್ಮೆ. "ಅಸಲ್ ಚರ್ಮಾ. ಪರದೇಶದ್ದು. ನಿನ್ನ ಮಗಳ ಗಾಡ್ಯಾಗ ಬರೇ ಅರಿವಿ ಐತಿ, ನೋಡ ಬೇಕಾದ್ರ."

ಅವ್ವ ಎದ್ದು ನಿಲ್ಲಲು ಹೋಗಿ ತಲೆಯನ್ನು ಕಾರಿನ ಟಾಪಿಗೆ ಬಡಿಸಿಕೊಂಡಳು. "ಚರ್ಮಾ? ದೇವಿ ಗುಡಿಗೆ ಹೊಂಟೇನಿ. ಗಾಡಿ ನಿಂದರಸು."

"ಅವ್ವಾ, ಮ್ಯಾಲ ಪ್ಲಾಸ್ಟಿಕ್ ಐತಿ, ಅದರ ಮ್ಯಾಲ ಚಾದರ ಐತಿ. ನಡೀತೈತಿ."

"ಚಪ್ಪಲಿಗೆ ಚಾದರ ಸುತ್ತಿ ಗುಡಿ ಒಳಗ ಹೋಗ್ತೀಯೇನು?"

ಮನೆಗೆ ತಿರುಗಿ ಬಂದು ಎಲ್ಲರೂ ನನ್ನ ಕಾರಿನಲ್ಲಿ ಹೋದೆವು. ತಮ್ಮ ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ಮೊಳಕಾಲು ಮಡಚಿಕೊಂಡು ಕೂತಿದ್ದ. ದಾರಿಯಲ್ಲಿ ಅವ್ವ ಒಂದೇ ಮಾತು ಆಡಿದಳು: "ಅಷ್ಟ ರೊಕ್ಕಾ ಸುರುವಿ, ಹಡದ ತಾಯೀನ ಒಯ್ದ ಚಪ್ಪಲಿ ಮ್ಯಾಲ ಕುಂದ್ರಿಸಿದೆಲ್ಲೋ."

ಕನ್ಯೆ

ತಮ್ಮನದು ದೊಡ್ಡ ಮನಸ್ಸು. ಬಳಗದಲ್ಲಿ ಯಾರಿಗಾದರೂ ಕನ್ಯೆ ನೋಡಲು ಹೋಗುವುದಿದ್ದರೆ ಕಾರು ತಾನೇ ಹೊಡೆದುಕೊಂಡು ಹೋಗುತ್ತಾನೆ. ಅಂಥ ಗಾಡಿಯಿಂದ ಇಳಿದರೆ ಹುಡುಗನಿಗೆ ಬೆಲೆ ಬರುತ್ತದೆ ಎಂಬುದು ಎಲ್ಲರ ನಂಬಿಕೆ. ಒಮ್ಮೆ ಅಥಣಿ ಕಡೆಯ ಒಂದು ಹಳ್ಳಿಗೆ ನನ್ನನ್ನೂ ಕರೆದರು. ಓದಿದವರು ಒಬ್ಬರು ಜೊತೆಗಿರಲಿ ಎಂದು.

ಮನೆಯ ಮುಂದೆ ಕಾರು ನಿಂತಿತು. ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯ ಅಜ್ಜಿ ನಮ್ಮನ್ನು ನೋಡಲಿಲ್ಲ, ಕಾರನ್ನೇ ನೋಡಿದಳು. ಒಳಗೆ ಉಪ್ಪಿಟ್ಟು, ಚಹಾ ಆದವು. ಹುಡುಗಿ ಬಂದು ಕೂತಳು. ಮಾತು ಇನ್ನೂ ಶುರುವಾಗಿರಲಿಲ್ಲ, ಅಜ್ಜಿ ಕೋಲು ಊರಿಕೊಂಡು ಬಂದು ತಮ್ಮನ ಎದುರು ನಿಂತಳು.

"ಈ ಗಾಡಿ ಹೋದ ತಿಂಗಳ ಬಂದಿತ್ತಲ್ಲ?"

ತಮ್ಮ ಬೆವರಿದ. "ಹೌದ್ ಆಯಿ. ಅವಾಗ ಬ್ಯಾರೆ ಹುಡುಗನ್ನ ಕರಕೊಂಡ ಬಂದಿದ್ನಿ."

"ಹುಡುಗ ಬ್ಯಾರೆ ಅನ್ನೂದ ನಂಗೂ ಕಾಣ್ತೈತಿ. ಗಾಡಿ ಯಾರದು?"

"ನಂದ ಆಯಿ."

"ನಿಂದ ಲಗ್ನ ಆಗೈತೇನು?"

"ಆಗೈತಿ. ಮಕ್ಕಳ ಅದಾರ."

ಅಜ್ಜಿ ನಿಟ್ಟುಸಿರು ಬಿಟ್ಟು ನಮ್ಮೆಲ್ಲರ ಕಡೆ ತಿರುಗಿದಳು. "ಏನ ಮಾಡೂದ್ರಿ? ಗಾಡಿ ನಮಗ ಎರಡೂ ಸಲ ಪಸಂತ ಬಂತು. ಅದರಾಗಿಂದ ಇಳಿಯವ್ರದ ತ್ರಾಸ."

ಹಾರನ್

ದುಬಾರಿ ಕಾರು ಕೊಟ್ಟ ಹಣಕ್ಕೆ ತಕ್ಕುದೋ ಅಲ್ಲವೋ ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಚರ್ಚೆ ನಡೆಯಿತು. ಗಣಿತದ ಸರ್ ಒಂದೇ ಮಾತಿನಲ್ಲಿ ಮುಗಿಸಿದರು: "ನಮ್ಮ ಕಡೆ ಗಾಡಿ ವೇಗ ಅಂದ್ರ ಮುಂದಿನ ಕಬ್ಬಿನ ಟ್ರೇಲರಿನ ವೇಗ. ಹಿಂದ ಏನರೆ ಇರವಲ್ದ್ಯಾಕ."

ಅದು ನಿಜವೆಂದು ಕರೋಶಿಗೆ ಹೋದ ದಿನ ಕಂಡೆ. ಅಲ್ಲಿ ಬಳಗದವರ ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮವಿತ್ತು. ತಮ್ಮ ಊರ ಹೊರಗೇ ನನ್ನನ್ನು ಹಿಂದೆ ಹಾಕಿ, ಕಿಟಕಿಯಿಂದ ಕೈ ಬೀಸಿ ಕಾಣದಂತೆ ಹೋದ. ಸ್ವಲ್ಪ ದೂರ ಹೋದ ಮೇಲೆ ಸಿಕ್ಕ. ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರು ನಡು ರಸ್ತೆಯಲ್ಲಿ ಹಾಡು ಹಾಕಿಕೊಂಡು ತೇಲುತ್ತಿತ್ತು. ಹಿಂದೆ ಜೋತಾಡುವ ಕಬ್ಬಿನ ಗಳಗಳನ್ನು ಕಂಡು ತಮ್ಮನ ಕಾರು ತಾನೇ ಬ್ರೇಕ್ ಹಾಕುತ್ತಿತ್ತು. ಅವನು ಹಾರನ್ ಒತ್ತುತ್ತಿದ್ದ. ಅದರ ಹಾರನ್ ಬಹಳ ಸಭ್ಯ, ದೊಡ್ಡವರ ಮನೆಯಲ್ಲಿ ಕೆಮ್ಮಿದ ಹಾಗೆ. ನಾನು ಅವನ ಹಿಂದೆ ನಿಂತೆ. ನನ್ನ ಕಾರಿನ ಹಾರನ್ ಕತ್ತೆ ಒದರಿದಂತೆ. ಒಮ್ಮೆ ಒತ್ತಿದೆ. ಟ್ರ್ಯಾಕ್ಟರು ಕೂಡಲೇ ಬದಿಗೆ ಸರಿಯಿತು.

ತಮ್ಮ ಅದರ ಪಕ್ಕಕ್ಕೆ ಹೋಗಿ ಸಿಟ್ಟಿನಿಂದ ಕೇಳಿದ: "ಆಗಿಂದ ಹಾರನ್ ಹೊಡ್ಯಾಕತ್ತೀನಿ, ಕೇಳಸಲಿಲ್ಲೇನು?"

ಡ್ರೈವರ್ ನನ್ನ ಕಾರಿನ ಕಡೆ ಕೈ ತೋರಿಸಿದ. "ಅವ್ರ ಹೊಡದಕೂಡ್ಲೆ ಬಿಟ್ನೆಲ್ರಿ, ಸಾವಕಾರ್ರ. ನೀವು ಅವ್ರನ್ನ ಮೊದಲ ಕರಕೊಂಡ ಬರಬೇಕಿತ್ತು."

ಟಗರು

ಗಡುವಿನ ದಿನ ಬಂತು. ನಾನು ನನ್ನ ಕಾರು ಹೊಡೆದುಕೊಂಡು ನಿಪ್ಪಾಣಿಗೆ ಹೋಗಿ ಕೊಟ್ಟುಬಿಡುವುದು, ತಮ್ಮನ ಕಾರಿನಲ್ಲಿ ತಿರುಗಿ ಬರುವುದು ಎಂದಾಗಿತ್ತು. ಬೆಳಿಗ್ಗೆ ಕಾರು ಒರೆಸಿದೆ. ಮ್ಯಾಟು ತೆಗೆದು ಇಟ್ಟುಕೊಳ್ಳಬೇಕೆಂದು ಕೈ ಹಾಕಿದೆ. ಮ್ಯಾಟಿಲ್ಲದ ಕಾರನ್ನು ಕೊಡುವುದು ಸರಿಯಲ್ಲ ಎನಿಸಿ ಬಿಟ್ಟೆ.

ತಮ್ಮ ಮುಂದೆ, ನಾನು ಹಿಂದೆ. ಅರ್ಧ ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಅವನ ಕಾರು ಹೇಳಿದಂತೆಯೇ ತಾನೇ ಬ್ರೇಕ್ ಹಾಕಿ ನಿಂತಿತು. ಕುರಿಗಳು ಸುತ್ತಲೂ ತುಂಬಿದವು. ತಮ್ಮ ವಾರಕ್ಕೆ ಎರಡು ಸಲ ಉಜ್ಜಿಸುವ ಕಾರಿನ ಮುಂಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಹಿಂಡಿನಲ್ಲಿದ್ದ ಟಗರು ಅದರೊಳಗೆ ಇನ್ನೊಂದು ಟಗರನ್ನು ಕಂಡಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಗುದ್ದಿತು.

ಕಾರಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿದವು. ಎಂಜಿನ್ ಬಂದ್ ಆಯಿತು, ಮತ್ತೆ ಚಾಲೂ ಆಗಲಿಲ್ಲ.

"ಏನಪಾ ಇದು, ಟಗರ ಹಿಡೀಬಾರದೇನು?" ಎಂದು ತಮ್ಮ ಕುರುಬನನ್ನು ಕೇಳಿದ.

ಕುರುಬ ವಯಸ್ಸಾದವನು, ಅವಸರವಿಲ್ಲದವನು. "ತನ್ನ ಮಾರಿ ಕಂಡ್ರ ಗುದ್ದತೈತ್ರಿ ಅದು. ಅದಕ್ಕ ಗಾಡಿ ಇಷ್ಟ ಒರಸಬಾರದು ನೋಡ್ರಿ."

ತಮ್ಮ ಫೋನ್ ಹಚ್ಚಿದ. ಕೊಲ್ಲಾಪುರದಿಂದ ಮನುಷ್ಯ ಬಂದು ನೋಡುವವರೆಗೆ ಕಾರು ಅಲುಗಾಡಿಸಬಾರದು ಎಂದು ಹೇಳಿದರಂತೆ. ನಿಪ್ಪಾಣಿಯವರು ಕಾಯುತ್ತಿದ್ದರು. "ನಾವ ಇಲ್ಲೇ ಕುರಿಗೆ ನೀರ ಕುಡಸ್ತೀವಿ, ಗಾಡಿ ನೋಡ್ಕೋತೀವಿ, ಹೋಗಿ ಬರ್ರಿ," ಎಂದ ಕುರುಬ. ತಮ್ಮ ಕಾರಿಗೆ ಕೀಲಿ ಹಾಕಿ ಬಂದು ನನ್ನ ಎಡಗಡೆ ಕೂತ. ಆ ಸೀಟಿನಲ್ಲಿ ಒಂದು ವರ್ಷದಿಂದ ಯಾರೂ ಕೂತಿರಲಿಲ್ಲ.

ಹೊರಟೆವು. ಎದುರಿಗೆ ಬಸ್ಸು ಬಂತು.

"ಅಕ್ಕಾ, ಬ್ರೇಕ್," ಎಂದ. ಬಲಗಾಲು ಒತ್ತಿದ.

ಮೋಟರ್‌ಸೈಕಲ್ ಬಂತು. ಒತ್ತಿದ. ನಾಯಿ ಬಂತು. ಒತ್ತಿದ. ಖಾಲಿ ತಿರುವು ಬಂತು, ಅದಕ್ಕೂ ಒತ್ತಿದ. ಸ್ವಲ್ಪ ಹೊತ್ತಿಗೆ ಕಾಲಿಗೆ ಏನೋ ಹತ್ತಿದಂತಾಗಿ ಕೆಳಗೆ ಬಗ್ಗಿ ನೋಡಿದ. ಅವನ ಪಾದ ತೂತಿನೊಳಗೆ ಸರಿಯಾಗಿ ಕೂತಿತ್ತು.

"ಇದು ಏನಕ್ಕಾ?"

"ನಿಮ್ಮ ಮಾಮಾನ ಬ್ರೇಕು," ಎಂದೆ.

ಅವನು ಕಾಲನ್ನು ಮೆಲ್ಲಗೆ ಬದಿಗೆ ಸರಿಸಿದ. ಕಿಟಕಿಯ ಹೊರಗೆ ನೋಡುತ್ತ ಕೂತ. ಆಮೇಲೆ ಒಂದು ಎತ್ತಿನ ಗಾಡಿ ಅಡ್ಡ ಬಂತು. ಕಾಲು ತಾನಾಗಿ ಮತ್ತೆ ಅಲ್ಲಿಗೇ ಹೋಯಿತು. ಅವನಿಗೆ ನಗೆ ಬಂತು. ನನಗೂ ಬಂತು. ಬಹಳ ದಿನದ ಮೇಲೆ ಆ ಕಾರಿನೊಳಗೆ ನಕ್ಕೆವು.

ಅವನು ಫೋನ್ ತೆಗೆದು ನಿಪ್ಪಾಣಿಯವರಿಗೆ ಹಚ್ಚಿದ. "ಗಾಡಿ ಕೊಡಾಂಗಿಲ್ರಿ." ಅವರು ಯಾಕೆಂದು ಕೇಳಿರಬೇಕು. "ಭಾಳ ಚಲೋ ಗಾಡಿ ಐತ್ರಿ. ಎರಡೆರಡ ಬ್ರೇಕ್ ಅದಾವ ಅದಕ್ಕ," ಎಂದು ಇಟ್ಟುಬಿಟ್ಟ.

ಟ್ರೇಲರುಗಳ ಸಾಲಿನಲ್ಲಿ ತಿರುಗಿಸಲು ಜಾಗ ಸಿಗದೆ ನಿಪ್ಪಾಣಿಯವರೆಗೂ ಹೋಗಿ, ಚಹಾ ಕುಡಿದು ಬಂದೆವು. ದೊಡ್ಡ ಕಾರು ನಿಂತಲ್ಲೇ ನಿಂತಿತ್ತು. ಕೊಲ್ಲಾಪುರದವನು ಬಂದಿರಲಿಲ್ಲ, ನಾಳೆ ಬರುತ್ತೇನೆ ಎಂದನಂತೆ. ಅದರ ಮೂಗಿಗೆ ಯಾರೋ ಕಂಬಳಿ ಹೊದಿಸಿದ್ದರು. ಪಕ್ಕದ ನೆರಳಿನಲ್ಲಿ ಟಗರು ಶಾಂತವಾಗಿ ಮಲಗಿತ್ತು, ಟಗರಿಗೆ ಒರಗಿ ಕುರುಬ ಮಲಗಿದ್ದ. ನಾವು ಇಳಿದದ್ದನ್ನು ಕಂಡು ಎದ್ದು ಕೂತ.

"ಹೆಂಗೈತೋ ಗಾಡಿ?" ಎಂದು ತಮ್ಮ ಕೇಳಿದ.

"ಭಾರಿ ಗಾಡಿ ಐತ್ರಿ ಸಾವಕಾರ್ರ," ಎಂದ ಕುರುಬ. "ಎಷ್ಟ ಕೊಟ್ಟೀರೋ ಗೊತ್ತಿಲ್ಲ. ಆದ್ರ ನೆಳ್ಳ ಮಾತ್ರ ಚಲೋ ಬೀಳತೈತಿ."

ತಮ್ಮ ಬಂದು ಮತ್ತೆ ನನ್ನ ಎಡಗಡೆ ಕೂತು ಬಾಗಿಲು ಹಾಕಿಕೊಂಡ.

"ಸಾವಕಾಶ ಹೊಡಿ ಅಕ್ಕಾ," ಎಂದು ಬ್ರೇಕ್ ಒತ್ತಿದ.

ನಾನಿನ್ನೂ ಚಾವಿ ತಿರುಗಿಸಿರಲಿಲ್ಲ.